ಅಪ್‌ಡೇಟ್: ಯುಎಸ್‌ಬಿ ಸೀರಿಯಲ್ ಅಡಾಪ್ಟರ್‌ನ ಟೈಮ್‌ಔಟ್ ನಿಂತಿತು

ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಿದರೆ ಕಂಟ್ರೋಲರ್ ಆಗಾಗ ಟೈಮ್‌ಔಟ್ ಆಗುತ್ತದೆ (ಉತ್ತರ ಸಮಯಕ್ಕೆ ಬರುವುದಿಲ್ಲ), ಮದರ್‌ಬೋರ್ಡ್‌ನ ಸೀರಿಯಲ್ ಪೋರ್ಟ್‌ನಲ್ಲಿ ಏನೂ ತೊಂದರೆಯಿಲ್ಲ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಕೇಬಲ್, ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಎರಡೂ ಸರಿಯಿದ್ದವು. ತೊಂದರೆ ಇದ್ದದ್ದು ಲೇಟೆನ್ಸಿ ಟೈಮರ್‌ನಲ್ಲಿ, ಅಂದರೆ ಬಂದ ಡೇಟಾವನ್ನು ಕಂಪ್ಯೂಟರ್‌ಗೆ ಕಳಿಸುವ ಮೊದಲು ಅಡಾಪ್ಟರ್ ಎಷ್ಟು ಹೊತ್ತು ಕಾಯಬೇಕು ಎಂಬ ಸೆಟ್ಟಿಂಗ್‌ನಲ್ಲಿ.

ನನ್ನ ಅಡಾಪ್ಟರ್‌ನಲ್ಲಿರುವುದು ಎಫ್‌ಟಿಡಿಐ ಕಂಪನಿಯ ಚಿಪ್. ಬಫರ್ ತುಂಬದಿದ್ದರೆ ಬಂದ ಬೈಟ್‌ಗಳನ್ನು ಅದು 16 ಮಿಲಿಸೆಕೆಂಡ್ ತನಕ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಚಿಕ್ಕ ಚಿಕ್ಕ ಉತ್ತರ ಬರುವ ಮಾಡ್‌ಬಸ್‌ಗೆ (ಕಂಟ್ರೋಲರ್ ಜೊತೆ ಮಾತಾಡುವ ಪ್ರೋಟೋಕಾಲ್) ಇದು ಜಾಸ್ತಿಯೇ ಅಲ್ವಾ? ಡಿವೈಸ್ ಮ್ಯಾನೇಜರ್‌ನ ಪೋರ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಟೆನ್ಸಿ ಟೈಮರನ್ನು 1 ಮಿಲಿಸೆಕೆಂಡ್‌ಗೆ ಇಳಿಸಿದೆ. ಟೈಮ್‌ಔಟ್ ನಿಂತಿತು. ಪವರ್ ಉಳಿಸಲು ವಿಂಡೋಸ್ ಯುಎಸ್‌ಬಿಯನ್ನು ಮಲಗಿಸುವುದನ್ನೂ ಆಫ್ ಮಾಡಿದೆ.

ಆದರೂ ಕಂಟ್ರೋಲರ್‌ಗೆ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಬರೆಯುವಾಗ ಮದರ್‌ಬೋರ್ಡ್‌ನ ಪೋರ್ಟೇ ಬೇಕು. ಯುಎಸ್‌ಬಿ ಪ್ಲಗ್ ಸ್ವಲ್ಪ ಅಲುಗಾಡಿದರೂ ಪೋರ್ಟೇ ಮಾಯ. ಸೀರಿಯಲ್ ಕನೆಕ್ಟರ್‌ಗೆ ಬಿಗಿಯಲು ಸ್ಕ್ರೂ ಆದರೂ ಇದೆ.