ಗೆಣಸಿಗೆ ಯಾವ ಗೊಬ್ಬರ ಹಾಕಬೇಕು? ಬಳ್ಳಿ ಮಾತ್ರ ಬರುತ್ತದೆ, ಗೆಡ್ಡೆ ಇಲ್ಲ

ಮಜಲುಗದ್ದೆ, ಬದಿಯಡ್ಕ
ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದ ಮೇಲೆ ಗದ್ದೆಯ ಐದು ಸೆಂಟು ಜಾಗದಲ್ಲಿ ಗೆಣಸು ಹಾಕಿದ್ದೆ. ರಾಸಾಯನಿಕ ಬೇಡವೇ ಬೇಡ ಅಂತ ಕೋಳಿಗೊಬ್ಬರ ಧಾರಾಳ ಸುರಿದೆ, ಸಾಲದ್ದಕ್ಕೆ ಹದಿನೈದು ದಿನಕ್ಕೊಮ್ಮೆ ಗೋಬರ್ ಗ್ಯಾಸಿನ ಸ್ಲರಿಯನ್ನೂ ಬಿಟ್ಟೆ. ಬಳ್ಳಿ ಹಬ್ಬಿದ್ದು ನೋಡಿದರೆ ಖುಷಿಯಾಗುತ್ತಿತ್ತು. ನಾಲ್ಕು ತಿಂಗಳಿಗೆ ಅಗೆದರೆ ಬರೀ ಬೆರಳು ಗಾತ್ರದ ಬೇರು. ಸಿಕ್ಕಿದ ನಾಲ್ಕು ದೊಡ್ಡ ಗೆಡ್ಡೆಗಳಲ್ಲೂ ಹುಳ. ಅಮ್ಮ ಬುಟ್ಟಿ ಹಿಡಿದುಕೊಂಡು ಬಂದವರು ಖಾಲಿ ಬುಟ್ಟಿಯಲ್ಲೇ ವಾಪಸು ಹೋದರು, ಅದು ಈಗಲೂ ಮನಸ್ಸಿನಲ್ಲಿದೆ. ಈ ಸಲ ಸರಿಯಾಗಿ ಮಾಡಬೇಕು. ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ಏನು ಹಾಕಲಿ, ಎಷ್ಟು ಹಾಕಲಿ?

ಹಳೆ ಕೃಷಿಕ, ಪೆರ್ಲ
ಗೊಬ್ಬರ ಕಡಿಮೆಯಾಗಿ ಹೀಗಾದದ್ದಲ್ಲ, ಜಾಸ್ತಿಯಾಗಿ ಆದದ್ದು. ಕೋಳಿಗೊಬ್ಬರದಲ್ಲಿ ಸಾರಜನಕ ತುಂಬಾ, ಸ್ಲರಿಯಲ್ಲಿ ಇರುವುದೂ ಅದೇ, ಅದು ಸಿಕ್ಕಿದಷ್ಟೂ ಗಿಡ ಸೊಪ್ಪು ಮಾಡುತ್ತಾ ಹೋಗುತ್ತದೆ, ಗೆಡ್ಡೆಯ ಕಡೆ ನೋಡುವುದೇ ಇಲ್ಲ. ಗೆಡ್ಡೆ ತುಂಬಲು ಬೇಕಾದದ್ದು ಪೊಟ್ಯಾಷ್. ಅದು ನಮ್ಮ ಒಲೆಯಲ್ಲೇ ಇದೆ, ತೆಂಗಿನ ಸಿಪ್ಪೆ, ಕೊತ್ತಳಿಗೆ (ತೆಂಗಿನ ಗರಿಯ ಬುಡ) ಸುಟ್ಟ ಬೂದಿ.

ನಾನು ಮಾಡುವುದು ಹೀಗೆ. ಚೆನ್ನಾಗಿ ಕೊಳೆತ ಹಟ್ಟಿಗೊಬ್ಬರ ಸೆಂಟಿಗೆ 40 ಕಿಲೋ, ಅಂದರೆ ಹೆಕ್ಟೇರಿಗೆ 10 ಟನ್ ಲೆಕ್ಕ. ಅದನ್ನು ಮಣ್ಣು ಸಡಿಲ ಮಾಡುವಾಗಲೇ ಸೇರಿಸಿ ಏರಿ ಕಟ್ಟುತ್ತೇನೆ. ಏರಿಯಿಂದ ಏರಿಗೆ ಎರಡು ಅಡಿ, ಬಳ್ಳಿಯಿಂದ ಬಳ್ಳಿಗೆ ಒಂದು ಗೇಣು. ಮಣ್ಣು ಗಟ್ಟಿ ಇದ್ದರೆ ಯಾವ ಗೊಬ್ಬರ ಹಾಕಿದರೂ ಗೆಡ್ಡೆ ಸೊಟ್ಟಗಾಗುತ್ತದೆ, ಹಾಗಾಗಿ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಸಡಿಲ ಮಣ್ಣು) ಸಿಕ್ಕಿದರೆ ಬಿಡಬೇಡಿ. ತಿಂಗಳಾದ ಮೇಲೆ ಮಣ್ಣು ಏರಿಸುವಾಗ ಏರಿಯ ಒಂದು ಮಾರು ಉದ್ದಕ್ಕೆ ಒಂದು ಬೊಗಸೆ ಬೂದಿ. ಕೋಳಿಗೊಬ್ಬರ ಬಾಳೆಗೆ ಹಾಕಿ.

ಸೊಪ್ಪಿನ ಅಕ್ಕ, ಮುಳ್ಳೇರಿಯ
ಅಣ್ಣ ಹೇಳಿದ್ದು ಸರಿ. ಹುಳದ ಬಗ್ಗೆ ನಾನು ಹೇಳುತ್ತೇನೆ. ಅದು ಮೂತಿಹುಳ, ಮಣ್ಣು ಬಿರಿದು ಗೆಡ್ಡೆ ಹೊರಗೆ ಕಂಡರೆ ಅಲ್ಲೇ ಮೊಟ್ಟೆ ಇಡುತ್ತದೆ. ಆದ್ದರಿಂದ ಮಣ್ಣು ಏರಿಸುವುದು ಸುಮ್ನೆ ಅಲ್ಲ. ನೆಟ್ಟು ಒಂದು ತಿಂಗಳಿಗೆ ಕಮ್ಯುನಿಸ್ಟ್ ಸೊಪ್ಪು (ಯುಪಟೋರಿಯಂ ಕಳೆ) ಕಡಿದು ಏರಿಯ ಮೇಲೆ ಹೊದಿಸಿ, ಸೆಂಟಿಗೆ 12 ಕಿಲೋದಷ್ಟು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲೂ ಇದೆ. ಗುಡ್ಡೆಯಲ್ಲಿ ಬೇಕಾದಷ್ಟು ಬೆಳೆದಿದೆ, ಹುಳವೂ ಕಡಿಮೆ, ಮಣ್ಣಿನ ಪಸೆಯೂ ಉಳಿಯುತ್ತದೆ, ಕೊಳೆತ ಮೇಲೆ ಗೊಬ್ಬರವೂ ಹೌದು. ಇನ್ನೊಂದು, ಕಳೆದ ವರ್ಷದ ಆ ಬಳ್ಳಿಯನ್ನು ದಯವಿಟ್ಟು ನೆಡಬೇಡಿ. ಹುಳ ಅದರ ಬುಡದ ತುಂಡಿನಲ್ಲೇ ಬರುತ್ತದೆ.

ಮಜಲುಗದ್ದೆ, ಬದಿಯಡ್ಕ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೂದಿಯನ್ನು ಹಟ್ಟಿಗೊಬ್ಬರದ ಜೊತೆಗೇ ಕಲಸಿ ಇಟ್ಟುಕೊಂಡರೆ ಕೆಲಸ ಸುಲಭ ಅಲ್ವಾ? ಸುಣ್ಣವೂ ಬೇಕಾ?

ಹಳೆ ಕೃಷಿಕ, ಪೆರ್ಲ
ಕಲಸಬೇಡಿ. ಬೂದಿ ಬಿದ್ದ ಕೂಡಲೇ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಬೇರೆ ಬೇರೆ ದಿನ ಹಾಕಿ. ಸುಣ್ಣ ಮಾತ್ರ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ನಮ್ಮ ಮುರ ಮಣ್ಣು ಹುಳಿ ಹೌದು, ಆದರೆ ಗೆಣಸು ಸ್ವಲ್ಪ ಹುಳಿ ತಡೆಯುತ್ತದೆ, ಬೂದಿಯೂ ಒಂದಷ್ಟು ಹುಳಿ ಮುರಿಯುತ್ತದೆ. ಬೂದಿ ಮಳೆಗೆ ನೆನೆಯದ ಹಾಗೆ ಇಡಿ, ನೆನೆದರೆ ಪೊಟ್ಯಾಷ್ ಎಲ್ಲಾ ನೀರಿನ ಜೊತೆ ಹೋಯಿತು.

ಸೊಪ್ಪಿನ ಅಕ್ಕ, ಮುಳ್ಳೇರಿಯ
ಬಳ್ಳಿ ಬೇಕಿದ್ದರೆ ಹೇಳಿ ತಮ್ಮಾ, ನಮ್ಮಲ್ಲಿ ಹುಳ ಇಲ್ಲದ ಕೆಂಪು ಗೆಣಸಿನ ತುದಿ ಬಳ್ಳಿ ಇದೆ. ಐದು ಸೆಂಟಿಗೆ ಸಾಲುವಷ್ಟು ಕಡಿದು ಇಡುತ್ತೇನೆ. ಎರಡು ದಿನ ನೆರಳಲ್ಲಿಟ್ಟು ನೆಟ್ಟರೆ ಬೇಗ ಬೇರು ಬಿಡುತ್ತದೆ.