‘ಒನ್ ಆಫ್ ಮೈ ಫ್ರೆಂಡ್ಸ್’ ಆದ ಮೇಲೆ ‘ಈಸ್’ ಯಾಕೆ?

ಪ್ರಶ್ನೆ – ತುಮಕೂರು ಹುಡುಗ
ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಈಸ್, ಆರ್, ಹ್ಯಾಸ್, ಹ್ಯಾವ್ ಬಂದರೆ ತಲೆ ಕೆಡುತ್ತದೆ. ‘ಹಿ ಗೋಸ್, ದೇ ಗೋ’ ಗೊತ್ತು. ಆದರೆ ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್’ ಅಂತ ಇದ್ದರೆ, ಪಕ್ಕದಲ್ಲೇ ಮ್ಯಾಂಗೋಸ್ ಇದೆಯಲ್ಲ, ‘ಆರ್’ ಅನಿಸುತ್ತದೆ. ಉತ್ತರ ನೋಡಿದರೆ ‘ಈಸ್’. ಗೈಡಿನಲ್ಲಿ ಪುಟಗಟ್ಟಲೆ ನಿಯಮ ಇದೆ. ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ – ದಿನಪತ್ರಿಕೆ
ದಿನಾ ಇಂಗ್ಲಿಷ್ ಪೇಪರ್ ಓದಿ. ಯಾವುದು ಸರಿ ಅಂತ ಕಿವಿಗೇ ಗೊತ್ತಾಗುತ್ತದೆ.

ಉತ್ತರ – ಹೈಸ್ಕೂಲ್ ಟೀಚರ್
ಓದುವುದು ಒಳ್ಳೆಯದೇ. ಆದರೆ ಇಲ್ಲಿ ಕಿವಿಯನ್ನು ನಂಬಬೇಡಿ. ಮ್ಯಾಂಗೋಸ್ ಕೇಳಿಸಿದ ತಕ್ಷಣ ‘ಆರ್’ ಅನ್ನುವುದು ಕಿವಿಯೇ.

ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ವಿಷಯದಲ್ಲಿ ಅವರು ಹೆದರುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಬಂದನು, ಬಂದಳು, ಬಂದರು, ಬಂದಿತು, ಬಂದವು ಅಂತ ಬಂದದ್ದು ಯಾರು ಅನ್ನುವುದಕ್ಕೆ ತಕ್ಕಂತೆ ಕ್ರಿಯಾಪದ ಬದಲಿಸುವವರು ನಾವು. ಇಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಕೇಮ್’. ನಿಮಗೆ ತೊಡಕಾಗಿರುವುದು ಪದಗಳ ಜಾಗ.

ನಿಮ್ಮ ವಾಕ್ಯವನ್ನೇ ಕನ್ನಡದಲ್ಲಿ ಹೇಳಿ: ಮಾವಿನ ಹಣ್ಣುಗಳ ಗುಣಮಟ್ಟ ಚೆನ್ನಾಗಿದೆ. ‘ಚೆನ್ನಾಗಿವೆ’ ಅನ್ನುತ್ತೀರಾ? ಇಲ್ಲ ಅಲ್ವಾ. ಕನ್ನಡದಲ್ಲಿ ಮುಖ್ಯ ಪದ ಕೊನೆಗೆ, ಕ್ರಿಯಾಪದದ ಹತ್ತಿರ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬಂದುಬಿಡುತ್ತದೆ, ಮಧ್ಯೆ ‘ಆಫ್’ ಜೊತೆ ಇನ್ನೊಂದು ಪದ ಕೂರುತ್ತದೆ. ಆದ್ದರಿಂದ ಕ್ರಿಯಾಪದ ಬಿಟ್ಟು ಅದರ ಹಿಂದಿನ ಭಾಗವನ್ನು ಕನ್ನಡಕ್ಕೆ ತಿರುಗಿಸಿ, ಅದರ ಕೊನೆಯ ಪದ ನೋಡಿ.

ನನ್ನ ಗೆಳೆಯರಲ್ಲಿ ಒಬ್ಬ: ಕೊನೆಗೆ ‘ಒಬ್ಬ’, ಹಾಗಾಗಿ ‘ಈಸ್’. ಗೈಡಿನವರು ಇಷ್ಟಪಡುವ ಜೋಡಿಯನ್ನೂ ನೋಡಿ. ‘ದ ನಂಬರ್ ಆಫ್ ಸ್ಟೂಡೆಂಟ್ಸ್’ ಅಂದರೆ ವಿದ್ಯಾರ್ಥಿಗಳ ಸಂಖ್ಯೆ, ‘ಈಸ್’. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಅಂದರೆ ಹಲವು ವಿದ್ಯಾರ್ಥಿಗಳು, ‘ಆರ್’. ದುಡ್ಡಿಗೂ ಇದೇ ದಾರಿ. ಐನೂರು ರೂಪಾಯಿ ಸಾಕಾಗುತ್ತದೆ ಅನ್ನುತ್ತೇವೆ, ಅವರೂ ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಇನಫ್’ ಅನ್ನುತ್ತಾರೆ.

ತುಮಕೂರು ಹುಡುಗ
ಮೇಡಂ, ಹಳೇ ಪೇಪರಿನ ಪ್ರಶ್ನೆಗಳಿಗೆ ಹಾಕಿ ನೋಡಿದೆ, ತುಂಬಾ ಕಡೆ ಸರಿ ಬಂತು. ಆದರೆ ‘ಎವ್ರಿಒನ್’ಗೆ ಬರಲಿಲ್ಲ. ಎಲ್ಲರೂ ಬಂದಿದ್ದಾರೆ ಅಂತ ತಾನೇ ಹೇಳುವುದು?

ಹೈಸ್ಕೂಲ್ ಟೀಚರ್
ಹೌದು, ಅಲ್ಲಿ ಕನ್ನಡ ದಾರಿ ತಪ್ಪಿಸುತ್ತದೆ. ಎವ್ರಿಒನ್, ಎವ್ರಿಬಡಿ, ಈಚ್: ಇವಕ್ಕೆ ಏಕವಚನವೇ. ‘ಎವ್ರಿಒನ್ ಹ್ಯಾಸ್ ಕಮ್’. ಇಷ್ಟನ್ನು ಮಾತ್ರ ಸುಮ್ನೆ ನೆನಪಿಟ್ಟುಕೊಳ್ಳಿ.

ಇದಕ್ಕಿಂತ ಜಾಸ್ತಿ ಕಾಡುವುದು ಮರ್ಯಾದೆಯ ಬಹುವಚನ. ನಮ್ಮಪ್ಪ ಹೊಲಕ್ಕೆ ಹೋಗುತ್ತಾರೆ ಅನ್ನುವ ಮಕ್ಕಳು ನೋಟ್‌ಬುಕ್ಕಿನಲ್ಲಿ ‘ಮೈ ಫಾದರ್ ಗೋ’ ಅಂತ ಬರೆಯುತ್ತಾರೆ. ಅಪ್ಪನಿಗೆ ಏಕವಚನ ಬಳಸಲು ಮನಸ್ಸೇ ಬರುವುದಿಲ್ಲ. ನಾನು ಇದಕ್ಕೆ ಕೆಂಪು ಗೆರೆ ಎಳೆದು ಮುಂದೆ ಹೋಗುವುದಿಲ್ಲ, ಕೂರಿಸಿಕೊಂಡು ವಿವರಿಸುತ್ತೇನೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಪ್ಪನೂ ಒಬ್ಬರೇ, ಪ್ರಧಾನಿಯೂ ಒಬ್ಬರೇ, ‘ಗೋಸ್’.

ಉತ್ತರ – ಧಾರವಾಡ ಕೋಚಿಂಗ್
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ‘ಶಿ ಈಸ್ ಒನ್ ಆಫ್ ದ ಟೀಚರ್ಸ್ ಹೂ…’ ಅಂತ ಬಂದರೆ ಮುಂದೆ ‘ಲಿವ್’ ಹಾಕಬೇಕೋ ‘ಲಿವ್ಸ್’ ಹಾಕಬೇಕೋ? ಕನ್ನಡದ ‘ಇರುವ’ ಒಬ್ಬರಿಗೂ ಹತ್ತು ಜನಕ್ಕೂ ಒಂದೇ, ಅದನ್ನು ನೋಡಿ ಗೊತ್ತಾಗುವುದಿಲ್ಲ.

ಹೈಸ್ಕೂಲ್ ಟೀಚರ್
ಒಳ್ಳೆಯ ಪ್ರಶ್ನೆ. ‘ಇರುವ’ ಆದ ಮೇಲೆ ಯಾವ ಪದ ಬರುತ್ತದೆ ನೋಡಿ. ಈ ಬೀದಿಯಲ್ಲಿ ಇರುವ ಟೀಚರುಗಳಲ್ಲಿ ಅವರೂ ಒಬ್ಬರು: ಇರುವವರು ಟೀಚರುಗಳು, ಆದ್ದರಿಂದ ‘ಲಿವ್’. ಅದೇ ‘ದ ಓನ್ಲಿ ಒನ್ ಆಫ್ ದ ಟೀಚರ್ಸ್’ ಅಂತ ಇದ್ದರೆ, ಇರುವವರು ಅವರೊಬ್ಬರೇ. ಆಗ ‘ಲಿವ್ಸ್’.