ದಾರಿಯಲ್ಲಿರುವ ಕುರಿಗಾರರೇ, ಇವತ್ತು ಪಶುವೈದ್ಯರನ್ನು ಕೇಳಿ

ಅಡ್ಮಿನ್: ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದವರು ಇನ್ನೂ ದಾರಿಯಲ್ಲೇ ಇದ್ದೀರಿ. ಬಾಗಲಕೋಟೆಯ ನಮ್ಮ ಡಾಕ್ಟರ್ ಸಂಜೆವರೆಗೆ ಉತ್ತರ ಕೊಡುತ್ತಾರೆ.

ಗೋಕಾಕ ಸದಸ್ಯ: ಸರ್, ಹಿರೇಬೇನೆ (ಪಿಪಿಆರ್) ಲಸಿಕೆ ಎಷ್ಟು ತಿಂಗಳ ಮರಿಗೆ?

ಡಾಕ್ಟರ್: ನಾಲ್ಕು ತಿಂಗಳು ದಾಟಿದ ಮರಿಗೆ. 1 ಮಿಲಿ, ಚರ್ಮದ ಕೆಳಗೆ. ಸರಿಯಾಗಿ ಬಿದ್ದರೆ ಮೂರು ವರ್ಷ ಚಿಂತೆ ಇಲ್ಲ. ಲಸಿಕೆ ಐಸ್ ಮೇಲೇ ಇರಬೇಕು. ಕುದುರೆ ಮೇಲಿನ ಚೀಲದಲ್ಲಿ ಬಿಸಿಲಿಗೆ ಹೊತ್ತು ತಂದದ್ದು ಬರೀ ನೀರು.

ಜಮಖಂಡಿ ಸದಸ್ಯ: ನಮ್ಮ ಕುದುರೆ ಮುಂಗಾಲು ಕುಂಟುತ್ತಿದೆ ಸರ್. ಸಾಮಾನೆಲ್ಲ ಅದರ ಮೇಲೇ.

ರಾಯಬಾಗದ ಹುಡುಗ: ಸರ್, ನಾವು ಹುನಗುಂದ ಹತ್ತಿರ ಒಬ್ಬರ ಹೊಲದಲ್ಲಿ ಕುರಿ ತರುಬಿದ್ದೇವೆ. ನಿನ್ನೆ ಸಂಜೆ ನಾಲ್ಕು ಕುರಿ ಇದ್ದಕ್ಕಿದ್ದಂತೆ ಬಿದ್ದು ಸತ್ತವು. ಮೊನ್ನೆ ಮಳೆಗೆ ಜೋಳದ ಕೂಳೆ ಚಿಗುರಿತ್ತು, ಮೇಯಿಸಿದ್ದು ನಿಜ. ಒಂದರ ಮೂಗಿನಿಂದ ಕಪ್ಪು ರಕ್ತ ಬಂತು. ಅಪ್ಪ ಅದನ್ನೇ ಕೊಯ್ದಿದ್ದಾರೆ. ಮಾಂಸ ತಿನ್ನಬಹುದಾ?

ಡಾಕ್ಟರ್: ತಿನ್ನಬೇಡಿ. ಮೊದಲು ಅದು. ಈಗ ಪೂರ್ತಿ ಓದು ತಮ್ಮಾ, ಅಪ್ಪನಿಗೂ ಓದಿ ಹೇಳು.

ಕೂಳೆ ಜೋಳದ ಎಳೆ ಚಿಗುರಲ್ಲಿ ಸಯನೈಡ್ ವಿಷ ಇರುತ್ತದೆ. ಮೇಯ್ದ ಸ್ವಲ್ಪ ಹೊತ್ತಿಗೇ ಕುರಿ ಏದುಸಿರು ಬಿಟ್ಟು ಬೀಳುತ್ತದೆ, ರಕ್ತ ಕೆಂಪಗೆ ಹೊಳೆಯುತ್ತದೆ. ಬೇಗ ಥಯೋಸಲ್ಫೇಟ್ ಇಂಜೆಕ್ಷನ್ ನರಕ್ಕೆ ಹೋದರೆ ಉಳಿಸಬಹುದು. ಆದರೆ ನೀನು ಕಪ್ಪು ರಕ್ತ ಅಂದೆ, ನನಗೆ ಭಯ ಅದೇ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇದ್ದರೆ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತದೆ, ಹೆಣ ಬೇಗ ಉಬ್ಬುತ್ತದೆ, ಸರಿಯಾಗಿ ಸೆಟೆಯುವುದಿಲ್ಲ. ಅಂಥ ಹೆಣಕ್ಕೆ ಚಾಕು ಹಾಕಿದರೆ ರೋಗಾಣುವಿಗೆ ಗಾಳಿ ತಗುಲಿ ಗಟ್ಟಿ ಚಿಪ್ಪು ಕಟ್ಟಿಕೊಂಡು ಆ ಮಣ್ಣಲ್ಲೇ ಹತ್ತಾರು ವರ್ಷ ಉಳಿದುಬಿಡುತ್ತದೆ. ಎರಡರಲ್ಲಿ ಯಾವುದು ಅಂತ ಫೋನಲ್ಲಿ ಹೇಳಲಾಗದು, ರಕ್ತ ನೋಡಬೇಕು. ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಉಳಿದ ಮೂರನ್ನು ಕೊಯ್ಯಬೇಡಿ. ನಾಯಿ ಕಟ್ಟಿ. ಹಿಂಡನ್ನು ಬೇರೆ ಕಡೆ ನಿಲ್ಲಿಸಿ. ಅಪ್ಪನ ಕೈಯಲ್ಲಿ ಗಾಯ ಇದೆಯಾ?

ಇಂಡಿ ಸದಸ್ಯ: ಬಂದದ್ದನ್ನು ಕಳಿಸುತ್ತಿದ್ದೇನೆ: ಕುರಿ ಬಿದ್ದು ಒದ್ದಾಡಿದರೆ ಕಿವಿ ಕೊಯ್ದು ಕೆಟ್ಟ ರಕ್ತ ತೆಗೆಯಿರಿ, ಬೆಲ್ಲ ಮಜ್ಜಿಗೆ ಗಂಟಲಿಗೆ ಹೊಯ್ಯಿರಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಅಳಿಸಿ. ನೆರಡಿ ಕುರಿಯ ಕಿವಿ ಕೊಯ್ದರೆ ರೋಗವನ್ನು ಕೈಯಾರೆ ನೆಲಕ್ಕೆ ಚೆಲ್ಲಿದಂತೆ. ಒದ್ದಾಡುವ ಕುರಿಗೆ ಏನು ಹೊಯ್ದರೂ ಶ್ವಾಸಕೋಶಕ್ಕೆ ಹೋಗುತ್ತದೆ.

ಇಂಡಿ ಸದಸ್ಯ: ನಮ್ಮ ಅಜ್ಜ ಹೀಗೇ ಮಾಡುತ್ತಿದ್ದರು ಸರ್. ಮತ್ತೆ ಮಾಂಸ ಚೆನ್ನಾಗಿ ಕುದಿಸಿದರೆ ಏನಾಗುತ್ತೆ?

ಡಾಕ್ಟರ್: ಆ ಚಿಪ್ಪು ಸಾರಿನ ಕುದಿಗೆ ಸಾಯುವಂಥದ್ದಲ್ಲ. ಇನ್ನೊಮ್ಮೆ ಇಂಥದ್ದು ಹಾಕಬೇಡಿ.

ಇಳಕಲ್ ರೈತ: ಇವರು ಕಂಡವರ ಹೊಲಕ್ಕೆ ನುಗ್ಗಿಸಿದರೆ ಇನ್ನೇನಾಗುತ್ತೆ? ಹೋದ ವರ್ಷ ನಮ್ಮ ಕಡಲೆ ಬುಡಸಮೇತ ಮೇಯಿಸಿ ರಾತ್ರೋರಾತ್ರಿ ಹೋದರು.

ಮುಧೋಳ ಕುರಿಗಾರ: ಗೊಬ್ಬರಕ್ಕೆ ಕುರಿ ತರುಬಿ ಅಂತ ಮನೆವರೆಗೆ ಬಂದು ಕರೆಯುವವರೂ ನೀವೇ. ರಾತ್ರಿಗೆ ಇಷ್ಟು ಜೋಳ ಅಂತ ಮಾತಾಡಿ, ಬೆಳಿಗ್ಗೆ ಅರ್ಧ ಕೊಟ್ಟು ಕಳಿಸುತ್ತೀರಿ.

ಇಳಕಲ್ ರೈತ: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮುಧೋಳ ಕುರಿಗಾರ: ಮೊದಲು ಹಾಕಿದ್ದು ಯಾರು?

ಸಿಂದಗಿ ಸದಸ್ಯ: ಹಿರೇಬೇನೆ ಲಸಿಕೆ ಯಾವ ವಯಸ್ಸಿಗೆ ಸರ್?

ಡಾಕ್ಟರ್: ಮೇಲೆ ಓದಿ.

ಜಮಖಂಡಿ ಸದಸ್ಯ: ಕುದುರೆ ಬಗ್ಗೆ ಯಾರೂ ಹೇಳಲಿಲ್ಲ. ನಾಳೆ ನಸುಕಿಗೆ ಹೊರಡಬೇಕು ನಾವು.

ಅಡ್ಮಿನ್: ಹೊಲದ ಜಗಳ ಬೇರೆ ಕಡೆ ಮಾಡಿರಿ, ಕೈಮುಗಿಯುತ್ತೇನೆ.

ರಾಯಬಾಗದ ಹುಡುಗ: ಸರ್, 1962ರ ಗಾಡಿ ಬಂತು. ಸತ್ತ ಕುರಿಯ ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದುಕೊಂಡರು. ಅಪ್ಪನ ಹೆಬ್ಬೆರಳು ಮೊನ್ನೆ ಜಾಳಿಗೆಯ ತಂತಿಗೆ ಸಿಕ್ಕಿ ಕೊಯ್ದಿದೆ. ಬಟ್ಟೆ ಸುತ್ತಿಕೊಂಡೇ ಕುರಿ ಕೊಯ್ದರು.

ಡಾಕ್ಟರ್: ಆ ಬಟ್ಟೆ ಸುಟ್ಟುಬಿಡಿ, ಕೈ ಸೋಪು ಹಚ್ಚಿ ತೊಳೆಯಿರಿ. ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು. "ಸತ್ತ ಕುರಿ ಕೊಯ್ದಿದ್ದೆ" ಅಂತ ಅವರೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಬರೀ ಟಿಂಚರ್ ಹಚ್ಚಿ ಕಳಿಸುತ್ತಾರೆ. ಗಾಯದ ಹತ್ತಿರ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪಗಾದರೆ ತಡ ಮಾಡಬೇಡಿ. ಈಗ ಹೋದರೆ ಮಾತ್ರೆಯಲ್ಲೇ ಮುಗಿಯುತ್ತದೆ. ಮಾಂಸ ಹೂಳಿದಿರಾ? ಆರು ಅಡಿ ಆಳ, ಮೇಲೆ ಸುಣ್ಣ. ಕೊಯ್ದ ಜಾಗದ ಮಣ್ಣೂ ಅದರಲ್ಲೇ ಹೋಗಬೇಕು.

ರಾಯಬಾಗದ ಹುಡುಗ: ಇದ್ದದ್ದು ಹೂಳುತ್ತೇವೆ ಸರ್. ಅರ್ಧ ನಿನ್ನೆ ರಾತ್ರಿಯೇ ಪಕ್ಕದ ದಡ್ಡಿಯವರಿಗೆ ಕೊಟ್ಟಿದ್ದೆವು. ಅವರು ಬೆಳಿಗ್ಗೆ ಮುದ್ದೇಬಿಹಾಳ ಕಡೆ ಹೊರಟುಹೋದರು.

ಡಾಕ್ಟರ್: ಅವರ ನಂಬರ್ ಯಾರ ಹತ್ತಿರ ಇದೆ? ಗುಂಪಿನವರೇ, ಮುದ್ದೇಬಿಹಾಳ ದಾರಿಯಲ್ಲಿ ಇರುವವರು ಎಲ್ಲ ಬಿಟ್ಟು ಮೊದಲು ಅವರನ್ನು ಹುಡುಕಿ.